ಕಿಲೋಮೀಟರ್ ಬಿಡಿ, ವ್ಯಾಟ್-ಅವರ್ ಹಿಡಿಯಿರಿ: ಆನ್‌ಲೈನ್‌ನಲ್ಲಿ ಇ-ಸೈಕಲ್ ಆರಿಸುವವರಿಗೆ

‘ಒಂದು ಚಾರ್ಜಿಗೆ 100 ಕಿ.ಮೀ.’ ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ, ಪಕ್ಕದಲ್ಲೇ ಒಂದು ಪುಟ್ಟ ನಕ್ಷತ್ರದ ಗುರುತು ಇರುತ್ತದೆ. ಆ ನಕ್ಷತ್ರ ಹಿಡಿದು ಪುಟದ ತಳಕ್ಕೆ ಇಳಿದರೆ ಅಸಲಿ ವಿಷಯ ಸಿಗುತ್ತದೆ: ಸವಾರರ ತೂಕ 70 ಕೆ.ಜಿ. ಆಸುಪಾಸು, ರಸ್ತೆ ಸಮತಟ್ಟು, ಎದುರುಗಾಳಿ ಇಲ್ಲ, ಬಿಸಿಲೂ ಇಲ್ಲ ಚಳಿಯೂ ಇಲ್ಲ, ಅಸಿಸ್ಟ್ (ತುಳಿಯುವಾಗ ಮೋಟಾರ್ ಕೊಡುವ ಸಹಾಯ) ಎಲ್ಲಕ್ಕಿಂತ ಕೆಳಗಿನ ಹಂತದಲ್ಲಿ. ಅಂದರೆ ತುಳಿದವರು ಬಹುಪಾಲು ಸವಾರರೇ, ಮೋಟಾರ್ ಸುಮ್ನೆ ಜೊತೆಗೆ ಬಂದಿದೆ. ಇದನ್ನು ಸುಳ್ಳು ಅನ್ನಕ್ಕಾಗಲ್ಲ. ಆದರೆ ನಿಮ್ಮ ಕೆಲಸಕ್ಕೆ ಬರುವ ಸಂಖ್ಯೆ ಇದಲ್ಲ.

ಇಲ್ಲಿ ಹೇಳುತ್ತಿರುವುದು ಪೆಡಲ್ ಇರುವ ಎಲೆಕ್ಟ್ರಿಕ್ ಬೈಕ್ ಬಗ್ಗೆ. ಆನ್‌ಲೈನ್‌ನಲ್ಲಿ ಕೊಳ್ಳುವಾಗ ಓಡಿಸಿ ನೋಡುವ ಹಾಗಿಲ್ಲ, ಎತ್ತಿ ನೋಡುವ ಹಾಗೂ ಇಲ್ಲ. ಕೈಯಲ್ಲಿರುವುದು ಒಂದು ವಿವರಪಟ್ಟಿ, ನಾಲ್ಕು ಫೋಟೋ, ಒಂದಿಷ್ಟು ವಿಮರ್ಶೆ. ಹಾಗಾಗಿ ಆ ಪಟ್ಟಿಯನ್ನೇ ಸರಿಯಾಗಿ ಓದಬೇಕು. ರೇಂಜ್, ಅಂದರೆ ಒಂದು ಚಾರ್ಜಿಗೆ ಓಡುವ ದೂರ, ಸೈಕಲ್ಲು, ನೀವು, ನಿಮ್ಮ ದಾರಿ ಮೂರೂ ಸೇರಿದ ಮೇಲೆ ಬರುವ ಲೆಕ್ಕ. ಇದರಲ್ಲಿ ಎರಡು ಸಂಗತಿ ಮಾರುವವರಿಗೆ ಗೊತ್ತೇ ಇಲ್ಲ. ಅವರು ನಿಮಗೆ ಕೊಡುತ್ತಿರುವುದು ಒಂದು ಬ್ಯಾಟರಿ ಅಷ್ಟೇ, ಕಿಲೋಮೀಟರ್ ಲೆಕ್ಕ ನೀವೇ ಹಾಕಿಕೊಳ್ಳಬೇಕು.

ಒಂದು ಗುಣಾಕಾರ, ಒಂದು ಭಾಗಾಕಾರ

ಪಟ್ಟಿಯಲ್ಲಿ ‘36 ವೋಲ್ಟ್, 14 ಎಎಚ್’ ಅಂತ ಇರುತ್ತದೆ. ಎಎಚ್ ಅಂದರೆ ಆಂಪಿಯರ್-ಅವರ್. ಎರಡನ್ನೂ ಗುಣಿಸಿ: 504. ಇದು ವ್ಯಾಟ್-ಅವರ್. ಬ್ಯಾಟರಿಯಲ್ಲಿ ಒಟ್ಟು ಎಷ್ಟು ಶಕ್ತಿ ಹಿಡಿಸುತ್ತದೆ ಅನ್ನೋದು ಇದರಲ್ಲಿ ಗೊತ್ತಾಗುತ್ತದೆ, ಪೆಟ್ರೋಲ್ ಗಾಡಿಯ ಟ್ಯಾಂಕಿನಲ್ಲಿ ಎಷ್ಟು ಲೀಟರ್ ಹಿಡಿಸುತ್ತೆ ಅಂತ ಕೇಳಿದ ಹಾಗೆ. ಬರೀ ಎಎಚ್ ನೋಡಿ ಹೋಲಿಸಿದರೆ ಏಮಾರುತ್ತೀರಿ, ಬರೀ ವೋಲ್ಟ್ ನೋಡಿದರೂ ಅಷ್ಟೇ.

ಎರಡು ಸೈಕಲ್ ಇವೆ ಅಂದುಕೊಳ್ಳಿ. ಮೊದಲನೆಯದು 48 ವೋಲ್ಟ್, 10 ಎಎಚ್, 90 ಕಿ.ಮೀ. ಓಡುತ್ತದೆ ಅಂತ ಹಾಕಿದ್ದಾರೆ. ಎರಡನೆಯದು 36 ವೋಲ್ಟ್, 14 ಎಎಚ್, 70 ಕಿ.ಮೀ. ಅಂತ ಹಾಕಿದ್ದಾರೆ. ನೋಡಿದ ತಕ್ಷಣ ಮೊದಲನೆಯದೇ ವಾಸಿ ಅನ್ನಿಸುತ್ತದೆ, ಅಲ್ವಾ? ಗುಣಿಸಿ ನೋಡಿದರೆ ಮೊದಲನೆಯದರಲ್ಲಿ 480 ವ್ಯಾಟ್-ಅವರ್, ಎರಡನೆಯದರಲ್ಲಿ 504. ಕಡಿಮೆ ಓಡುತ್ತದೆ ಅಂತ ಬರೆದಿರುವ ಸೈಕಲ್ಲಿನಲ್ಲೇ ಶಕ್ತಿ ಜಾಸ್ತಿ ಇದೆ.

ಈಗ ಭಾಗಾಕಾರ. ವ್ಯಾಟ್-ಅವರ್ ಅನ್ನು ಅವರೇ ಹೇಳಿದ ಕಿಲೋಮೀಟರ್‌ನಿಂದ ಭಾಗಿಸಿ. ಮೊದಲನೆಯದಕ್ಕೆ ಕಿಲೋಮೀಟರಿಗೆ 5.3 ವ್ಯಾಟ್-ಅವರ್ ಬಂತು, ಎರಡನೆಯದಕ್ಕೆ 7.2. ನನಗೆ ಈ ಭಾಗಾಕಾರ ತುಂಬ ಇಷ್ಟ, ಯಾಕಂದರೆ ಮಾರುವವರ ಬಾಯಿ ಎಷ್ಟು ದೊಡ್ಡದು ಅನ್ನೋದು ಇದರಲ್ಲಿ ತಿಳಿದುಬಿಡುತ್ತದೆ. ಚೆನ್ನಾಗಿ ತುಳಿಯುತ್ತಾ, ಅಸಿಸ್ಟ್ ಕೆಳಗಿನ ಹಂತದಲ್ಲಿಟ್ಟು, ಆರಾಮಾಗಿ ಹೋದರೆ ಕಿಲೋಮೀಟರಿಗೆ 6ರಿಂದ 8 ವ್ಯಾಟ್-ಅವರ್ ಖರ್ಚಾಗುತ್ತದೆ. ಮಧ್ಯದ ಹಂತದಲ್ಲಿ, ಎಲ್ಲರೂ ಓಡಿಸುವ ಹಾಗೆ ಓಡಿಸಿದರೆ 10ರಿಂದ 12. ಮೇಲಿನ ಹಂತದಲ್ಲೇ ಇಟ್ಟರೆ, ಇಲ್ಲವೇ ತುಳಿಯದೆ ಬರೀ ಥ್ರಾಟಲ್ ತಿರುವಿಕೊಂಡು ಹೋದರೆ 15ರಿಂದ 20, ದಪ್ಪ ಟೈರಿನ ಭಾರದ ಸೈಕಲ್ಲಾದರೆ ಅದಕ್ಕೂ ಮೇಲೆ. ಇವೆಲ್ಲ ಅಂದಾಜು ಸಂಖ್ಯೆಗಳು, ಆದರೆ ಕೊಳ್ಳುವ ನಿರ್ಧಾರಕ್ಕೆ ಇಷ್ಟು ಸಾಕು. ಯಾರಾದರೂ 6ಕ್ಕಿಂತ ಕಡಿಮೆ ಲೆಕ್ಕ ಹಾಕಿ ರೇಂಜ್ ಹೇಳಿದ್ದಾರೆ ಅಂದರೆ ಅದು ನಿಮ್ಮ ಕಾಲಿನ ಬಲವನ್ನು ಅವರ ಖಾತೆಗೆ ಸೇರಿಸಿಕೊಂಡು ಹೇಳಿದ ಮಾತು.

ಮೊದಲ ಸಲ ಕೊಳ್ಳುವವರು ಕಣ್ಣು ಮುಚ್ಚಿಕೊಂಡು 12ರಿಂದ ಭಾಗಿಸಿ. 504 ಇದ್ದರೆ 42 ಕಿ.ಮೀ. ತುಳಿಯುವ ಆಸೆಯೇ ಇಲ್ಲ, ಥ್ರಾಟಲ್ ಮಾತ್ರ ಬೇಕು ಅನ್ನುವವರು 18ರಿಂದ ಭಾಗಿಸಿ. ಬರುವ ಉತ್ತರ ಸಪ್ಪೆ ಅನ್ನಿಸಿದರೂ ದಾರಿ ಮಧ್ಯೆ ತಳ್ಳುವುದಂತೂ ತಪ್ಪುತ್ತದೆ.

36 ಒಳ್ಳೆಯದಾ 48 ಒಳ್ಳೆಯದಾ ಅಂತ ತುಂಬ ಜನ ಕೇಳುತ್ತಾರೆ. ಅಷ್ಟೇ ಶಕ್ತಿ ಕೊಡಲು 48 ವೋಲ್ಟಿನ ಬ್ಯಾಟರಿಗೆ ಕಡಿಮೆ ಕರೆಂಟ್ ಸಾಕು, ವೈರಿನಲ್ಲಿ ನಷ್ಟ ಸ್ವಲ್ಪ ಕಡಿಮೆ, ಎಳೆತ ಜಾಸ್ತಿ ಇರುವ ಮೋಟಾರುಗಳಿಗೆ ಇದನ್ನೇ ಜೋಡಿಸುತ್ತಾರೆ. ರೇಂಜಿಗೂ ಇದಕ್ಕೂ ನೇರ ಸಂಬಂಧ ಇಲ್ಲ. ವ್ಯಾಟ್-ಅವರ್ ಸಮ ಇದ್ದರೆ ಇದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಲೆಡ್-ಆಸಿಡ್ ಬ್ಯಾಟರಿ ಇರುವ ಅಗ್ಗದ ಮಾದರಿಗಳು ಇನ್ನೂ ಸಿಗುತ್ತವೆ. 48 ವೋಲ್ಟ್, 12 ಎಎಚ್ ಅಂದರೆ ಕಾಗದದ ಮೇಲೆ 576 ವ್ಯಾಟ್-ಅವರ್, ಸಖತ್ ಅನ್ನಿಸುತ್ತದೆ. ಆದರೆ ಲೆಡ್-ಆಸಿಡ್ ಬ್ಯಾಟರಿಯನ್ನು ಪದೇ ಪದೇ ಪೂರ್ತಿ ಖಾಲಿ ಮಾಡಿದರೆ ಬೇಗ ಹಾಳಾಗುತ್ತದೆ, ಅರ್ಧದಷ್ಟು ಬಳಸಿ ಚಾರ್ಜಿಗೆ ಹಾಕಬೇಕು. ಬ್ಯಾಟರಿಯೊಂದೇ 15 ಕೆ.ಜಿ. ದಾಟುತ್ತದೆ. ಅಷ್ಟೇ ಸಾಮರ್ಥ್ಯದ ಲಿಥಿಯಂ ಪ್ಯಾಕ್ 3-4 ಕೆ.ಜಿ. ಒಳಗೆ ಮುಗಿಯುತ್ತದೆ. ಲೆಡ್-ಆಸಿಡ್ ಮಾದರಿಗಳನ್ನು ಪಟ್ಟಿಯಿಂದ ತೆಗೆದುಹಾಕಿ, ಮುಂದೆ ಹೋಗೋಣ.

ನಿಮ್ಮ ದಾರಿ ಎಷ್ಟು ತಿನ್ನುತ್ತದೆ

ಎಲ್ಲಕ್ಕಿಂತ ಜಾಸ್ತಿ ತಿನ್ನುವುದು ವೇಗ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಇರುವ ತಡೆ 32ಕ್ಕೆ ಹೋದಾಗ ಎರಡೂವರೆ ಪಟ್ಟು ಆಗುತ್ತದೆ. ಸೈಕಲ್ ಮೇಲೆ ನೆಟ್ಟಗೆ ಕೂತ ಮನುಷ್ಯ ಗಾಳಿಗೆ ಒಂದು ಗೋಡೆ ಇದ್ದ ಹಾಗೆ, ಎಷ್ಟು ಒಳ್ಳೆಯ ಮೋಟಾರ್ ಇದ್ದರೂ ಈ ಲೆಕ್ಕ ತಪ್ಪುವುದಿಲ್ಲ. ಯುರೋಪಿನ ನಿಯಮದ ಪ್ರಕಾರ ಮಾಮೂಲಿ ಇ-ಬೈಕಿನಲ್ಲಿ 25 ಕಿ.ಮೀ. ವೇಗ ದಾಟಿದರೆ ಮೋಟಾರ್ ಸಹಾಯ ನಿಲ್ಲಿಸುತ್ತದೆ, ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಕ್ಲಾಸ್ 1 ಮತ್ತು 2 ಅನ್ನೋ ವರ್ಗದವಕ್ಕೆ 32, ಕ್ಲಾಸ್ 3ಕ್ಕೆ 45. ಹಾಗಾಗಿ 25ರ ಮಿತಿಯ ಸೈಕಲ್ಲಿನ ರೇಂಜನ್ನು 45ರ ಮಿತಿಯದರ ಜೊತೆ ಇಟ್ಟು ಹೋಲಿಸಿದರೆ ಏನೂ ಸಿಗುವುದಿಲ್ಲ. ಅಂದ ಹಾಗೆ ನಿಮ್ಮಲ್ಲಿ ಎಷ್ಟು ವ್ಯಾಟಿನ ಮೋಟಾರ್, ಎಷ್ಟು ವೇಗ, ಥ್ರಾಟಲ್ ಇರಬಹುದಾ ಅನ್ನೋ ಕಾನೂನನ್ನು ಬುಕ್ ಮಾಡುವ ಮೊದಲೇ ನೋಡಿಕೊಳ್ಳಿ. ಆನ್‌ಲೈನ್ ಅಂಗಡಿ ಎಲ್ಲ ದೇಶಕ್ಕೂ ಒಂದೇ ಪುಟ ತೋರಿಸುತ್ತದೆ, ದಂಡ ಕಟ್ಟುವವರು ನೀವು.

ಎರಡನೆಯದು ಏರು. ಇದರ ಲೆಕ್ಕ ಬಹಳ ಸರಳ. ನೀವು, ಸೈಕಲ್ಲು, ಬ್ಯಾಗು ಎಲ್ಲ ಸೇರಿ 100 ಕೆ.ಜಿ. ಇದ್ದು 100 ಮೀಟರ್ ಎತ್ತರ ಹತ್ತಿದರೆ ಭೂಮಿಯ ಸೆಳೆತದ ವಿರುದ್ಧವೇ 27 ವ್ಯಾಟ್-ಅವರ್ ಬೇಕು. ಮೋಟಾರ್ ಮತ್ತು ಕಂಟ್ರೋಲರಿನಲ್ಲಿ ಆಗುವ ನಷ್ಟ ಸೇರಿಸಿದರೆ 36ರ ಹತ್ತಿರ. ಅಂದರೆ ಸಮತಟ್ಟು ರಸ್ತೆಯಲ್ಲಿ 3 ಕಿ.ಮೀ. ಓಡಿಸುವಷ್ಟು. ದಿನಾ ಹೋಗಿ ಬರುವ ದಾರಿಯಲ್ಲಿ ಒಟ್ಟು ಎಷ್ಟು ಮೀಟರ್ ಏರು ಇದೆ ಅನ್ನೋದನ್ನು ಫೋನಿನ ಮ್ಯಾಪ್ ಸೈಕಲ್ ದಾರಿಗೆ ತೋರಿಸುತ್ತದೆ, ಒಮ್ಮೆ ನೋಡಿ. ಇಳಿಜಾರಿನಲ್ಲಿ ಅದೆಲ್ಲ ವಾಪಸ್ ಬರುತ್ತದೆ ಅಂದುಕೊಂಡಿದ್ದರೆ, ಇಲ್ಲ. ರೀಜೆನ್ (ಬ್ರೇಕ್ ಹಾಕಿದಾಗ ಶಕ್ತಿಯನ್ನು ಬ್ಯಾಟರಿಗೆ ವಾಪಸ್ ಕಳಿಸುವುದು) ಅಂತ ಜಾಹೀರಾತಿನಲ್ಲಿ ಬರುವ ಸೌಲಭ್ಯ ಬಹುತೇಕ ಡೈರೆಕ್ಟ್-ಡ್ರೈವ್ ಹಬ್ ಮೋಟಾರ್, ಅಂದರೆ ಚಕ್ರದ ನಡುವೆ ಗೇರಿಲ್ಲದೆ ಕೂರುವ ಮೋಟಾರ್, ಇರುವ ಸೈಕಲ್ಲುಗಳಿಗೆ ಸೀಮಿತ, ಅದರಲ್ಲೂ ವಾಪಸ್ ಬರುವುದು ಸಣ್ಣ ಪಾಲು. ರೀಜೆನ್ ಇದೆ ಅನ್ನೋ ಒಂದೇ ಕಾರಣಕ್ಕೆ ಯಾವ ಸೈಕಲ್ಲನ್ನೂ ಆರಿಸಬೇಡಿ.

ಮೂರನೆಯದು ನಿಂತು ನಿಂತು ಹೋಗುವುದು. 110 ಕೆ.ಜಿ. ಭಾರವನ್ನು ನಿಂತಲ್ಲಿಂದ 25ರ ವೇಗಕ್ಕೆ ತರಲು ನಷ್ಟವೂ ಸೇರಿ ಸುಮಾರು 1 ವ್ಯಾಟ್-ಅವರ್ ಬೇಕು. ಒಂದು ಸಲಕ್ಕೆ ಏನೂ ಅಲ್ಲ. 40 ಸಿಗ್ನಲ್ ಇರುವ ದಾರಿಯಲ್ಲಿ 40 ವ್ಯಾಟ್-ಅವರ್ ಹೋಯಿತು, ಅದೂ 3 ಕಿ.ಮೀ. ಮೇಲೆಯೇ.

ತೂಕ ಜಾಸ್ತಿ ಇದ್ದರೆ ರೇಂಜ್ ಬಿದ್ದೇ ಬಿಡುತ್ತದೆ ಅಂತ ಹೆದರುವವರಿದ್ದಾರೆ. ಸಮತಟ್ಟು ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ತೂಕದ ಪ್ರಭಾವ ಕಡಿಮೆ. ಏರಿನಲ್ಲಿ, ನಿಂತು ಹೊರಡುವಾಗ ಅದು ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಟೈರಿನ ಗಾಳಿ ಕಡಿಮೆಯಾದರೂ ಖರ್ಚು ಏರುತ್ತದೆ. ಇದನ್ನು ಸರಿಮಾಡಲು ಒಂದು ಪಂಪ್ ಸಾಕು, ಆದರೂ ಹೆಚ್ಚಿನವರು ಅದನ್ನು ಬಿಟ್ಟು ಬ್ಯಾಟರಿಯನ್ನು ಬೈಯುತ್ತಿರುತ್ತಾರೆ. 4 ಇಂಚಿನ ದಪ್ಪ ಟೈರು ಮರಳಿಗೆ, ಹಿಮಕ್ಕೆ ಚೆನ್ನ. ಡಾಂಬರು ರಸ್ತೆಗೆ ಅದು ದಂಡ.

ಚಳಿಯಲ್ಲಿ ಲಿಥಿಯಂ ಬ್ಯಾಟರಿ ಸೋಮಾರಿಯಾಗುತ್ತದೆ. ಸೊನ್ನೆ ಡಿಗ್ರಿ ಹತ್ತಿರ ರೇಂಜ್ ಐದರಲ್ಲಿ ಒಂದು ಪಾಲು ಕಡಿಮೆಯಾದರೂ ಅಚ್ಚರಿ ಇಲ್ಲ, ಬೆಚ್ಚಗಾದ ಮೇಲೆ ಮತ್ತೆ ಸರಿಹೋಗುತ್ತದೆ. ಸೊನ್ನೆಗಿಂತ ಕೆಳಗಿರುವಾಗ ಚಾರ್ಜ್ ಮಾಡಿದರೆ ಮಾತ್ರ ಒಳಗೆ ಲಿಥಿಯಂ ಲೋಹದ ಪದರ ಕಟ್ಟಿಕೊಂಡು ಸೆಲ್ ಶಾಶ್ವತವಾಗಿ ಕೆಡುತ್ತದೆ. ಚಳಿ ಪ್ರದೇಶದವರು ತೆಗೆದು ಮನೆಯೊಳಗೆ ತರಬಹುದಾದ ಬ್ಯಾಟರಿಯನ್ನೇ ಆರಿಸಿಕೊಳ್ಳಬೇಕು, ಇದಕ್ಕೆ ಬೇರೆ ಮಾತೇ ಇಲ್ಲ. ಬಿಸಿಲಿನವರಿಗೆ ತಾಪತ್ರಯ ಬೇರೆ ಥರ: ಕಾದ ಜಾಗದಲ್ಲಿ ಫುಲ್ ಚಾರ್ಜಿನಲ್ಲಿ ಇಟ್ಟ ಬ್ಯಾಟರಿ ಓಡಿಸದೇ ಇದ್ದರೂ ಬೇಗ ಮುದಿಯಾಗುತ್ತದೆ.

ಒಂದು ಲೆಕ್ಕ ಪೂರ್ತಿ ಮಾಡಿ ನೋಡೋಣ

ಒಬ್ಬರು ದಿನಾ 14 ಕಿ.ಮೀ. ಹೋಗಿ 14 ಕಿ.ಮೀ. ಬರಬೇಕು, ಒಟ್ಟು 28. ಎರಡೂ ಕಡೆ ಸೇರಿ 150 ಮೀಟರ್ ಏರು. ಸಮತಟ್ಟಿನ ಲೆಕ್ಕಕ್ಕೆ ಕಿಲೋಮೀಟರಿಗೆ 12 ಹಾಕಿದರೆ 336 ವ್ಯಾಟ್-ಅವರ್. ಏರಿಗೆ ಇನ್ನೊಂದು 54. ಒಟ್ಟು 390.

504ರ ಬ್ಯಾಟರಿ ಸಾಕಲ್ಲ ಅನ್ನಿಸುತ್ತದೆ. ಹೊಸದರಲ್ಲಿ ಸಾಕು. ಆದರೆ ಪ್ರತಿ ಸಲ ಪೂರ್ತಿ ಖಾಲಿ ಮಾಡುವುದು ಬ್ಯಾಟರಿಗೂ ಒಳ್ಳೆಯದಲ್ಲ, ಮನಸ್ಸಿಗೂ ಒಳ್ಳೆಯದಲ್ಲ. ಐದರಲ್ಲಿ ಒಂದು ಪಾಲು ಕೈಯಲ್ಲಿ ಉಳಿಸಿಕೊಂಡರೆ ಬಳಕೆಗೆ ಸಿಗುವುದು 403. ಅಂದರೆ ಮೊದಲ ದಿನವೇ ಅಂಚಿನಲ್ಲಿದ್ದೀರಿ. ಲಿಥಿಯಂ-ಅಯಾನ್ ಪ್ಯಾಕುಗಳ ಬಗ್ಗೆ ತಯಾರಕರು ಸಾಮಾನ್ಯವಾಗಿ ಹೇಳುವುದು 500ರ ಆಸುಪಾಸು ಪೂರ್ತಿ ಚಾರ್ಜುಗಳಾದ ಮೇಲೆ ಸಾಮರ್ಥ್ಯ 80 ಶೇಕಡಾ ಹತ್ತಿರಕ್ಕೆ ಇಳಿಯುತ್ತದೆ ಅಂತ, ಒಳ್ಳೆಯ ಪ್ಯಾಕ್ ಇನ್ನೂ ಜಾಸ್ತಿ ಬಾಳುತ್ತದೆ. ಆಗ 504 ಅನ್ನೋದು 403 ಆಗಿರುತ್ತದೆ, ಅದರಲ್ಲಿ ಉಳಿಸಿಕೊಳ್ಳುವ ಪಾಲು ಕಳೆದರೆ 322. ದಾರಿ ಮಾತ್ರ 390ನ್ನೇ ಕೇಳುತ್ತಿರುತ್ತದೆ.

ಇವರ ಮುಂದೆ ಎರಡು ದಾರಿ ಇವೆ. ಕೆಲಸದ ಜಾಗದಲ್ಲಿ ಚಾರ್ಜ್ ಮಾಡುವ ಹಾಗಿದ್ದರೆ 504 ಧಾರಾಳ, 400ರದ್ದೂ ನಡೆದೀತು, ಹಗುರ ಸೈಕಲ್ ಸಿಗುತ್ತದೆ. ಅಲ್ಲಿ ಪ್ಲಗ್ ಸಿಗುವುದಿಲ್ಲ ಅಂದರೆ 48 ವೋಲ್ಟ್, 14 ಎಎಚ್, ಅಂದರೆ 672ಕ್ಕೆ ಹೋಗಬೇಕು. ಅದು ಮುದಿಯಾದ ಮೇಲೂ, ಉಳಿಸಿಕೊಂಡ ಮೇಲೂ 430 ಕೊಡುತ್ತದೆ. ದಿನದ ಖರ್ಚು ಬ್ಯಾಟರಿಯ 60 ಶೇಕಡಾ ಮೀರಬಾರದು ಅನ್ನೋದು ನಾನು ಹೇಳುವ ಲೆಕ್ಕ. ಇದಕ್ಕಿಂತ ದೊಡ್ಡದು ತೊಗೊಂಡು ಹೊತ್ತು ತಿರುಗುವುದರಲ್ಲಿ ಅರ್ಥ ಕಾಣುವುದಿಲ್ಲ, ಅದರಲ್ಲೂ ಮಹಡಿ ಮೇಲೆ ಮನೆ ಇದ್ದು ಲಿಫ್ಟ್ ಇಲ್ಲದವರಿಗೆ. ತುಂಬ ಇ-ಬೈಕುಗಳು 20 ಕೆ.ಜಿ. ದಾಟುತ್ತವೆ. ಅಂಗಡಿಯ ಪುಟ ತೂಕ ಬರೆದೇ ಇಲ್ಲ ಅಂದರೆ ಅದು ಹೇಳಿಕೊಳ್ಳುವ ತೂಕ ಅಲ್ಲ ಅಂತ ತಿಳಿದುಕೊಳ್ಳಿ.

ವಿಮಾನದಲ್ಲಿ ಸೈಕಲ್ ಒಯ್ಯುವ ಯೋಚನೆ ಇದ್ದರೆ ಈಗಲೇ ಬಿಡಿ. ಪ್ರಯಾಣಿಕರ ವಿಮಾನದಲ್ಲಿ 160 ವ್ಯಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿ ಬಿಡುವುದಿಲ್ಲ, ಮಾಮೂಲಿ ಇ-ಬೈಕಿನ ಯಾವ ಬ್ಯಾಟರಿಯೂ ಅದರೊಳಗೆ ಬರುವುದಿಲ್ಲ.

ಹಬ್ ಮೋಟಾರಾ, ಮಿಡ್-ಡ್ರೈವಾ?

ಚಕ್ರದ ನಡುವೆ ಕೂರುವುದು ಹಬ್ ಮೋಟಾರ್. ಪೆಡಲ್ ಇರುವ ಜಾಗದಲ್ಲಿ ಕೂತು ಚೈನಿನ ಮೂಲಕ ತಳ್ಳುವುದು ಮಿಡ್-ಡ್ರೈವ್. ಬಾಷ್, ಶಿಮಾನೋ ಕಂಪನಿಗಳ ಇ-ಬೈಕ್ ಮೋಟಾರುಗಳು ಮಿಡ್-ಡ್ರೈವ್ ಎಂದೇ ಹೆಸರುವಾಸಿ, ಬಾಫಾಂಗ್ ಎರಡನ್ನೂ ಮಾಡುತ್ತದೆ.

ರೇಂಜಿನ ಮಟ್ಟಿಗೆ ಹೇಳುವುದಾದರೆ ಸಮತಟ್ಟು ಊರಿನಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ವ್ಯತ್ಯಾಸ ಕಾಣುವುದು ಏರಿನಲ್ಲಿ. ಕಡಿದಾದ ಏರಿನಲ್ಲಿ ಚಕ್ರ ನಿಧಾನವಾದರೆ ಹಬ್ ಮೋಟಾರೂ ನಿಧಾನವಾಗುತ್ತದೆ, ಆಗ ಅದು ನುಂಗಿದ ಶಕ್ತಿಯಲ್ಲಿ ದೊಡ್ಡ ಪಾಲು ಬಿಸಿಯಾಗಿ ಹೋಗುತ್ತದೆ. ಮಿಡ್-ಡ್ರೈವ್ ಸೈಕಲ್ಲಿನ ಗೇರನ್ನೇ ಬಳಸಿಕೊಳ್ಳುತ್ತದೆ, ನೀವು ಗೇರ್ ಇಳಿಸಿದರೆ ಮೋಟಾರ್ ತನಗೆ ಒಗ್ಗುವ ವೇಗದಲ್ಲೇ ತಿರುಗುತ್ತಿರುತ್ತದೆ. ಅಷ್ಟೇ ವ್ಯಾಟ್-ಅವರ್‌ನಲ್ಲಿ ಗುಡ್ಡದ ದಾರಿಯಲ್ಲಿ ಮಿಡ್-ಡ್ರೈವ್ ಜಾಸ್ತಿ ದೂರ ಹೋಗುತ್ತದೆ. ಅದಕ್ಕೆ ತೆರಬೇಕಾದ್ದು ಬೇರೆ: ಬೆಲೆ ಜಾಸ್ತಿ, ಚೈನು ಮತ್ತು ಹಲ್ಲುಚಕ್ರ ಬೇಗ ಸವೆಯುತ್ತವೆ, ಮೋಟಾರ್ ಕೆಟ್ಟರೆ ಬೀದಿಬದಿಯ ಸೈಕಲ್ ರಿಪೇರಿಯವರ ಕೈಯಲ್ಲಿ ಆಗುವ ಕೆಲಸ ಅಲ್ಲ. ಸಮತಟ್ಟು ದಾರಿ, ಕಡಿಮೆ ಬಜೆಟ್, ಹತ್ತಿರದಲ್ಲಿ ಆ ಕಂಪನಿಯ ಸರ್ವಿಸ್ ಇಲ್ಲ ಅನ್ನುವವರಿಗೆ ಗೇರ್ ಇರುವ ಹಬ್ ಮೋಟಾರೇ ಸರಿ. ದಿನಾ ಗುಡ್ಡ ಹತ್ತಬೇಕು ಅನ್ನುವವರು ಬ್ಯಾಟರಿ ದೊಡ್ಡದು ಮಾಡುವ ಬದಲು ಆ ದುಡ್ಡನ್ನು ಮಿಡ್-ಡ್ರೈವಿಗೆ ಹಾಕಲಿ.

ಮೋಟಾರಿನ ವ್ಯಾಟ್ ನೋಡಿ ಮರುಳಾಗಬೇಡಿ. ‘1000 ವ್ಯಾಟ್’ ಅಂತ ಬರೆದ ಎಷ್ಟೋ ಕಡೆ ಅದು ಪೀಕ್, ಅಂದರೆ ಕೆಲವು ಕ್ಷಣ ಕೊಡುವ ಗರಿಷ್ಠ. ಸತತವಾಗಿ ಎಷ್ಟು ಅಂತ ಕೇಳಿ. ಏರು ಹತ್ತುವ ತಾಕತ್ತಿಗೆ ಟಾರ್ಕ್ (ತಿರುಗಿಸುವ ಬಲ) ನೋಡಬೇಕು, ಅದನ್ನು ನ್ಯೂಟನ್-ಮೀಟರ್‌ನಲ್ಲಿ ಕೊಡುತ್ತಾರೆ. ಮಾಮೂಲಿ ಊರಿಗೆ 40 ಸಾಕು, ಗುಡ್ಡಕ್ಕೆ 60-85.

ಇದಕ್ಕಿಂತಲೂ ಜನ ಕಡೆಗಣಿಸುವ ಒಂದು ಸಾಲು ಪಟ್ಟಿಯಲ್ಲಿ ಇರುತ್ತದೆ: ಸೆನ್ಸರ್ ಯಾವುದು? ಕೇಡೆನ್ಸ್ ಸೆನ್ಸರ್‌ಗೆ ಪೆಡಲ್ ತಿರುಗುತ್ತಿದೆಯಾ ಇಲ್ಲವಾ ಅಷ್ಟೇ ಗೊತ್ತು. ಕಾಲು ಸುಮ್ನೆ ಆಡಿಸಿದರೂ ಮೋಟಾರ್ ಆ ಹಂತದ ಪೂರ್ತಿ ಬಲ ಕೊಡುತ್ತದೆ. ಸ್ವಲ್ಪ ದಿನದಲ್ಲಿ ಕಾಲಿಗೆ ಅದೇ ಅಭ್ಯಾಸ ಆಗುತ್ತದೆ, ಬ್ಯಾಟರಿ ಕರಗುತ್ತದೆ. ಟಾರ್ಕ್ ಸೆನ್ಸರ್ ನೀವು ಎಷ್ಟು ಒತ್ತುತ್ತೀರೋ ಅದಕ್ಕೆ ತಕ್ಕಷ್ಟು ಮಾತ್ರ ಸೇರಿಸುತ್ತದೆ. ಸವಾರಿ ಸಹಜ ಅನ್ನಿಸುತ್ತದೆ, ರೇಂಜೂ ಉಳಿಯುತ್ತದೆ. ಎರಡು ಸೈಕಲ್ ಉಳಿದೆಲ್ಲದರಲ್ಲೂ ಸಮ ಇದ್ದರೆ ನಾನಂತೂ ಕಣ್ಣು ಮುಚ್ಚಿ ಟಾರ್ಕ್ ಸೆನ್ಸರ್ ಇರುವುದನ್ನೇ ಹೇಳುತ್ತೇನೆ. ಮೊಣಕಾಲು ನೋವು ಇರುವವರಿಗೆ, ಒತ್ತಿ ತುಳಿಯಲು ಆಗದವರಿಗೆ ಮಾತ್ರ ಕೇಡೆನ್ಸ್ ವಾಸಿ.

ಹೇಳಿದಷ್ಟು ಬ್ಯಾಟರಿ ಒಳಗೆ ಇದೆಯಾ?

ಹೆಸರಿಲ್ಲದ ಮಾದರಿಗಳಲ್ಲಿ ದೊಡ್ಡ ಅನುಮಾನ ಇದೇ. ಒಂದೊಂದು ಪುಟದಲ್ಲಿ 20 ಎಎಚ್, 25 ಎಎಚ್ ಅಂತ ಧಾರಾಳವಾಗಿ ಬರೆದಿರುತ್ತಾರೆ. ಕೂತಲ್ಲೇ ಮೂರು ರೀತಿ ಪರೀಕ್ಷೆ ಮಾಡಬಹುದು.

ತೂಕದಿಂದ ಶುರು ಮಾಡಿ. 500 ವ್ಯಾಟ್-ಅವರ್ ಪ್ಯಾಕ್ ಕವಚ ಸೇರಿ ಸುಮಾರು 3 ಕೆ.ಜಿ. ತೂಗುತ್ತದೆ. ಯಾರೋ 1000 ವ್ಯಾಟ್-ಅವರ್ ಇದೆ, ಬ್ಯಾಟರಿ ತೂಕ 3 ಕೆ.ಜಿ. ಅಂತ ಬರೆದಿದ್ದರೆ ಎರಡರಲ್ಲಿ ಒಂದು ಸುಳ್ಳು.

ಆಮೇಲೆ ಸೆಲ್ ಲೆಕ್ಕ. ಈ ಪ್ಯಾಕುಗಳ ಒಳಗೆ ಇರುವುದು ಬಹುಪಾಲು 18650 ಅಥವಾ 21700 ಅನ್ನೋ ಉರುಟು ಸೆಲ್ಲುಗಳು. ಮೊದಲನೆಯದು 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ, ಎರಡನೆಯದು 21 ಮತ್ತು 70. ಒಂದು ಒಳ್ಳೆಯ 18650 ಸೆಲ್ಲಿನಲ್ಲಿ ಹೆಚ್ಚೆಂದರೆ 3.5 ಎಎಚ್ ಹತ್ತಿರ ಹಿಡಿಸುತ್ತದೆ, 21700ರಲ್ಲಿ ಸುಮಾರು 5. 36 ವೋಲ್ಟ್ ಬರಲು 10 ಸೆಲ್ ಸಾಲಾಗಿ ಬೇಕು, 48ಕ್ಕೆ 13. ಈಗ 36 ವೋಲ್ಟಿನ ಪ್ಯಾಕಿನಲ್ಲಿ 18650 ಸೆಲ್ 40 ಇವೆ ಅಂದರೆ ನಾಲ್ಕು ಸಾಲು, ಗರಿಷ್ಠ 14 ಎಎಚ್. ಅದರಲ್ಲಿ 20 ಎಎಚ್ ತುಂಬಲು ಯಾರ ಕೈಲೂ ಆಗುವುದಿಲ್ಲ. ಸೆಲ್ ಯಾವ ಕಂಪನಿಯದು, ಎಷ್ಟು ಇವೆ ಅಂತ ಮಾರುವವರಿಗೆ ಒಂದು ಸಂದೇಶ ಹಾಕಿ ಕೇಳಿ. ಎಲ್‌ಜಿ, ಸ್ಯಾಮ್ಸಂಗ್, ಪ್ಯಾನಸೋನಿಕ್ ಅಂತ ಹೆಸರು ಹೇಳಿ ಬ್ಯಾಟರಿ ಲೇಬಲ್ಲಿನ ಫೋಟೋ ಕಳಿಸಿದರೆ ಸರಿ. ‘ಉತ್ತಮ ಗುಣಮಟ್ಟದ ಸೆಲ್’ ಅಂತ ಉತ್ತರ ಬಂದರೆ ಅದನ್ನು ಉತ್ತರ ಅಂತ ತೊಗೊಳ್ಳಬೇಡಿ.

ಕೊನೆಗೆ ಚಾರ್ಜರ್. ಚಾರ್ಜರಿನ ಆಂಪಿಯರ್ ಅನ್ನು ಗಂಟೆಯಿಂದ ಗುಣಿಸಿದರೆ ಸುಮಾರು ಎಎಚ್ ಬರಬೇಕು. ‘20 ಎಎಚ್ ಬ್ಯಾಟರಿ, 2 ಆಂಪಿಯರ್ ಚಾರ್ಜರ್, 5 ಗಂಟೆಯಲ್ಲಿ ಫುಲ್’ ಅಂತ ಇದ್ದರೆ ಒಳಗೆ ಹೋಗಿದ್ದು 10 ಎಎಚ್ ಅಷ್ಟೇ. 20 ತುಂಬಲು 10 ಗಂಟೆಗೂ ಜಾಸ್ತಿ ಬೇಕು. ಬೆಳಿಗ್ಗೆ ಸಂಜೆ ಎರಡೂ ಹೊತ್ತು ಓಡಿಸುವವರು 4 ಆಂಪಿಯರ್ ಚಾರ್ಜರ್ ಸಿಗುತ್ತಾ ಅಂತಲೂ ವಿಚಾರಿಸಿ.

ಬೆಂಕಿಯ ವಿಷಯ ಚಿಕ್ಕದಾಗಿ ಹೇಳಿ ಮುಗಿಸುವ ಹಾಗಿಲ್ಲ. ಕಳಪೆ ಪ್ಯಾಕು, ಹೊಂದದ ಚಾರ್ಜರ್, ಹಳೆ ಸೆಲ್ ಬಿಚ್ಚಿ ಮತ್ತೆ ಜೋಡಿಸಿದ ಬ್ಯಾಟರಿ, ಇವು ಮನೆಯೊಳಗೆ ಹೊತ್ತಿಕೊಂಡು ಜನ ಸತ್ತಿದ್ದಾರೆ. ಇಂಥ ಬೆಂಕಿಗಳು ಹೆಚ್ಚಿದ ಮೇಲೆ ನ್ಯೂಯಾರ್ಕ್ ನಗರ 2023ರ ಸೆಪ್ಟೆಂಬರ್‌ನಿಂದ ಯುಎಲ್ (ಅಮೆರಿಕದ ಸುರಕ್ಷತಾ ಪರೀಕ್ಷಾ ಸಂಸ್ಥೆ) ಗುಣಮಟ್ಟದ ಪ್ರಮಾಣಪತ್ರ ಇಲ್ಲದ ಇ-ಬೈಕ್, ಬ್ಯಾಟರಿ ಮಾರುವುದನ್ನೇ ನಿಷೇಧಿಸಿತು. ಪಟ್ಟಿಯಲ್ಲಿ ಹುಡುಕಬೇಕಾದ ಹೆಸರುಗಳು ಇವು: ಪೂರ್ತಿ ಸೈಕಲ್ಲಿನ ವಿದ್ಯುತ್ ವ್ಯವಸ್ಥೆಗೆ ಯುಎಲ್ 2849, ಬ್ಯಾಟರಿಗೆ ಯುಎಲ್ 2271, ಯುರೋಪಿನಲ್ಲಾದರೆ ಸೈಕಲ್ಲಿಗೆ ಇಎನ್ 15194, ಬ್ಯಾಟರಿಗೆ ಇಎನ್ 50604-1. ಯುಎನ್ 38.3 ಅಂತ ಮಾತ್ರ ತೋರಿಸಿದರೆ ಅದು ಸಾಗಣೆಯಲ್ಲಿ ತಡೆದುಕೊಳ್ಳುತ್ತದೆ ಅನ್ನೋ ಪರೀಕ್ಷೆ, ಸೈಕಲ್ಲಿನಲ್ಲಿ ವರ್ಷಗಟ್ಟಲೆ ಬಳಸುವ ಸುರಕ್ಷತೆಗೆ ಅದೊಂದೇ ಸಾಲದು. ಚಾರ್ಜರ್ ಸೈಕಲ್ಲಿನ ಜೊತೆ ಬಂದಿದ್ದೇ ಬಳಸಿ. 36 ವೋಲ್ಟಿನ ಪ್ಯಾಕ್ ಫುಲ್ ಆದಾಗ 42 ವೋಲ್ಟ್, 48ರದ್ದು 54.6, ಪಿನ್ ಹೊಂದುತ್ತದೆ ಅಂತ ಒಂದರ ಚಾರ್ಜರನ್ನು ಇನ್ನೊಂದಕ್ಕೆ ಚುಚ್ಚುವುದು ಜೀವಕ್ಕೆ ಅಪಾಯ.

ಮಳೆಗೆ ಐಪಿ ಸಂಖ್ಯೆ ನೋಡಿ. ಐಪಿಎಕ್ಸ್4 ಅಂದರೆ ನೀರು ಎರಚಿದರೆ ತಡೆಯುತ್ತದೆ, ನೀರಿನಲ್ಲಿ ಮುಳುಗಿದರೆ ಅಲ್ಲ.

ಬ್ಯಾಟರಿ ಬದಲಿಸುವ ದಿನ ಬಂದೇ ಬರುತ್ತದೆ

ನನ್ನ ಪ್ರಕಾರ ಆನ್‌ಲೈನ್ ಖರೀದಿಯಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ. ಬ್ಯಾಟರಿ ಒಂದನ್ನೇ ಬಿಡಿಯಾಗಿ ಮಾರುತ್ತಾರಾ? ಈಗ ಅದರ ಬೆಲೆ ಎಷ್ಟು? ಅದೇ ಪುಟದಲ್ಲಿ ಅದೂ ಸಿಗುತ್ತಿದೆಯಾ? ಸೈಕಲ್ ಅಗ್ಗ ಇದ್ದು ಬ್ಯಾಟರಿ ಬಿಡಿಯಾಗಿ ಸಿಗದಿದ್ದರೆ ಮೂರು ನಾಲ್ಕು ವರ್ಷದಲ್ಲಿ ಅದು ಭಾರದ ಸಾದಾ ಸೈಕಲ್ ಆಗುತ್ತದೆ. ಫ್ರೇಮಿನೊಳಗೆ ಅಡಗಿ ಕೂರುವ ಬ್ಯಾಟರಿ ನೋಡಲು ಚೆಂದ, ಆದರೆ ಆ ಅಳತೆಯ ಬ್ಯಾಟರಿ ಬೇರೆಯವರ ಹತ್ತಿರ ಸಿಗುವುದು ಕಷ್ಟ. ಕೆಲವು ಕಂಪನಿಗಳ ಬ್ಯಾಟರಿ ಮೋಟಾರಿನ ಜೊತೆ ಮಾತಾಡಿಕೊಂಡು ಕೆಲಸ ಮಾಡುತ್ತದೆ, ಹೊರಗಿನ ಪ್ಯಾಕ್ ಹಾಕಿದರೆ ಸೈಕಲ್ ಏಳುವುದೇ ಇಲ್ಲ. ಹೆಸರುಳ್ಳ ವ್ಯವಸ್ಥೆ ಕೊಂಡರೆ ಬ್ಯಾಟರಿ ದುಬಾರಿ, ಆದರೆ ಸಿಗುತ್ತದೆ. ಹೆಸರಿಲ್ಲದ್ದು ಕೊಂಡರೆ ಹೊರಗೆ ಕೂರುವ, ಎಲ್ಲ ಕಡೆ ಬಳಕೆಯಲ್ಲಿರುವ ಆಕಾರದ ಬ್ಯಾಟರಿ ಇರುವುದನ್ನು ಆರಿಸಿ. ಎರಡೂ ಅಲ್ಲದ್ದು, ಅಂದರೆ ಹೆಸರೂ ಇಲ್ಲ, ಬ್ಯಾಟರಿ ಆಕಾರವೂ ವಿಚಿತ್ರ, ಅಂಥದನ್ನು ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.

ವಾರಂಟಿ ಓದುವಾಗ ಸೈಕಲ್ಲಿಗೆ ಎಷ್ಟು ವರ್ಷ, ಬ್ಯಾಟರಿಗೆ ಎಷ್ಟು ಅಂತ ಬೇರೆ ಬೇರೆ ನೋಡಿ. ಬ್ಯಾಟರಿ ಸಾಮರ್ಥ್ಯ ಎಷ್ಟಕ್ಕೆ ಇಳಿದರೆ ಬದಲಿಸಿ ಕೊಡುತ್ತಾರೆ ಅನ್ನೋ ಸಾಲು ಇಲ್ಲದಿದ್ದರೆ ಆ ವಾರಂಟಿ ಪೂರ್ತಿ ಸತ್ತ ಬ್ಯಾಟರಿಗೆ ಮಾತ್ರ ಅಂತ ಇಟ್ಟುಕೊಳ್ಳಿ. ವಾಪಸ್ ಕಳಿಸುವ ಷರತ್ತೂ ಮುಖ್ಯ. ಲಿಥಿಯಂ ಬ್ಯಾಟರಿ ಸಾಗಣೆಯ ನಿಯಮದಲ್ಲಿ ಅಪಾಯಕಾರಿ ಸರಕು, ಕೊರಿಯರ್‌ನವರು ಸುಮ್ನೆ ತೊಗೊಳ್ಳುವುದಿಲ್ಲ, ಕೆಟ್ಟದ್ದನ್ನಂತೂ ವಿಮಾನದಲ್ಲಿ ಹಾಕುವಂತೆಯೇ ಇಲ್ಲ. ‘30 ದಿನದಲ್ಲಿ ವಾಪಸ್’ ಅಂತ ಇದ್ದರೆ ಯಾರು ಬಂದು ಒಯ್ಯುತ್ತಾರೆ, ಖರ್ಚು ಯಾರದು, ಮೂಲ ಡಬ್ಬಿ ಬೇಕಾ ಅಂತ ಬರಹದಲ್ಲಿ ಕೇಳಿ. ಡಬ್ಬಿಯನ್ನು ಆ ಅವಧಿ ಮುಗಿಯುವ ತನಕ ಎಸೆಯಬೇಡಿ.

ವಿಮರ್ಶೆಗಳಲ್ಲಿ ಮೊದಲ ವಾರ ಬರೆದವನ್ನು ಹಾರಿಸಿಬಿಡಿ, ಅವು ಬಣ್ಣದ ಬಗ್ಗೆ ಮತ್ತು ಡೆಲಿವರಿ ಬಗ್ಗೆ ಇರುತ್ತವೆ. ವರ್ಷ ಕಳೆದ ಮೇಲೆ ಬರೆದವರನ್ನು ಹುಡುಕಿ, ತಮ್ಮ ತೂಕ, ಅಸಿಸ್ಟ್ ಹಂತ, ದಾರಿ ಹೇಳಿ ರೇಂಜ್ ಬರೆದವರ ಮಾತಿಗೆ ಬೆಲೆ ಕೊಡಿ.

ಡಬ್ಬಿ ಬಂದ ಮೇಲೆ

ಸೈಕಲ್ ಅರ್ಧ ಬಿಚ್ಚಿದ ಸ್ಥಿತಿಯಲ್ಲಿ ಬರುತ್ತದೆ. ಎಡ ಪೆಡಲಿನ ತಿರುಪು ಉಲ್ಟಾ ಇರುತ್ತದೆ ಅನ್ನೋದು ನೆನಪಿರಲಿ, ಬಲವಂತ ಮಾಡಿ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಹಾಳು ಮಾಡಿಕೊಳ್ಳುವವರು ತುಂಬ. ಬ್ರೇಕು ಮತ್ತು ಹಬ್ ಮೋಟಾರಿನ ಆಕ್ಸಲ್ ನಟ್ಟನ್ನು ಕೈಗೊಂದು ಅನುಭವ ಇರುವವರಿಂದ ಬಿಗಿ ಮಾಡಿಸಿ. ಬ್ಯಾಟರಿ ಅರೆ ಚಾರ್ಜಿನಲ್ಲಿ ಬಂದಿರುತ್ತದೆ. ಮೊದಲ ಸಲ ಪೂರ್ತಿ ಚಾರ್ಜ್ ಮಾಡಿ, ಚಾರ್ಜರಿನ ದೀಪ ಹಸಿರಾದ ಮೇಲೂ ಸ್ವಲ್ಪ ಹೊತ್ತು ಬಿಡಿ. ತುಂಬ ಪ್ಯಾಕುಗಳಲ್ಲಿ ಸೆಲ್ಲುಗಳನ್ನು ಸಮ ಮಾಡುವ ಕೆಲಸ ಆ ಕೊನೆಯ ಹಂತದಲ್ಲೇ ನಡೆಯುತ್ತದೆ.

ಪರದೆಯ ಮೇಲಿನ ಗೀಟುಗಳನ್ನು ನಂಬಿ ಗಾಬರಿಯಾಗಬೇಡಿ. ಅಗ್ಗದ ಪರದೆಗಳು ವೋಲ್ಟ್ ನೋಡಿ ಗೀಟು ತೋರಿಸುತ್ತವೆ. ಏರು ಹತ್ತುವಾಗ ವೋಲ್ಟ್ ಕುಸಿದು ಎರಡು ಗೀಟು ಮಾಯ, ಮೇಲೆ ಹತ್ತಿ ನಿಂತರೆ ಮತ್ತೆ ಪ್ರತ್ಯಕ್ಷ. ಮೊದಲರ್ಧ ನಿಧಾನಕ್ಕೆ ಇಳಿದು ಕೊನೆಯ ಗೀಟು ಸರ್ರನೆ ಹೋಗುವುದೂ ಮಾಮೂಲಿ.

ವಾಪಸ್ ಕೊಡುವ ಅವಧಿಯೊಳಗೆ ಮಾಡಲೇಬೇಕಾದ ಪರೀಕ್ಷೆ ಒಂದಿದೆ. ಗೋಡೆಯ ಪ್ಲಗ್ಗಿಗೂ ಚಾರ್ಜರಿಗೂ ನಡುವೆ ಹಾಕುವ ಸಣ್ಣ ವಿದ್ಯುತ್ ಮೀಟರ್ ಸಿಗುತ್ತದೆ, ಅದನ್ನು ಕೊಳ್ಳಿ, ಇಲ್ಲವೇ ಯಾರ ಹತ್ತಿರವಾದರೂ ಕೇಳಿ ತನ್ನಿ. ನಿಮ್ಮ ದಾರಿಯಲ್ಲೇ, ನಿಮ್ಮ ಮಾಮೂಲಿ ಹಂತದಲ್ಲೇ, ಮನೆ ಹತ್ತಿರ ಸುತ್ತುತ್ತಾ ಮೋಟಾರ್ ನಿಲ್ಲುವ ತನಕ ಓಡಿಸಿ. ಎಷ್ಟು ಕಿಲೋಮೀಟರ್ ಆಯಿತು ಅಂತ ಬರೆದಿಟ್ಟುಕೊಳ್ಳಿ. ಆಮೇಲೆ ಮೀಟರ್ ಮೂಲಕ ಫುಲ್ ಚಾರ್ಜ್ ಮಾಡಿ. ಚಾರ್ಜರಿನಲ್ಲಿ ಹತ್ತು ಹದಿನೈದು ಶೇಕಡಾ ಬಿಸಿಯಾಗಿ ಹೋಗುತ್ತದೆ, ಹಾಗಾಗಿ 504ರ ಪ್ಯಾಕ್ ಗೋಡೆಯಿಂದ 550ರ ಮೇಲೆ ಎಳೆಯಬೇಕು. ಸ್ವಲ್ಪ ಆಚೀಚೆ ಆದರೆ ಪರವಾಗಿಲ್ಲ, ಪ್ಯಾಕ್ ತನ್ನ ರಕ್ಷಣೆಗೆ ಒಂದಿಷ್ಟು ಒಳಗೇ ಉಳಿಸಿಕೊಂಡಿರುತ್ತದೆ. ಆದರೆ ಮೀಟರ್ 400ಕ್ಕೇ ನಿಂತರೆ ಒಳಗೆ ಹೋಗಿದ್ದು 350ರ ಹತ್ತಿರ, ಅಂದರೆ ಮೂರರಲ್ಲಿ ಒಂದು ಪಾಲು ಬ್ಯಾಟರಿ ಬಂದೇ ಇಲ್ಲ. ಮೀಟರಿನ ಫೋಟೋ, ಬ್ಯಾಟರಿ ಲೇಬಲ್ಲಿನ ಫೋಟೋ, ಪುಟದಲ್ಲಿ ಅವರು ಬರೆದ ಸಾಮರ್ಥ್ಯದ ಸ್ಕ್ರೀನ್‌ಶಾಟ್ ಮೂರನ್ನೂ ಸೇರಿಸಿ ಅವತ್ತೇ ದೂರು ಕಳಿಸಿ. ‘ರೇಂಜ್ ಕಡಿಮೆ ಬರುತ್ತಿದೆ’ ಅಂತ ಬರೆದರೆ ನಿಮ್ಮ ತೂಕ ಕೇಳುತ್ತಾರೆ, ರಸ್ತೆ ಕೇಳುತ್ತಾರೆ, ಟೈರಿನ ಗಾಳಿ ಕೇಳುತ್ತಾರೆ. ವ್ಯಾಟ್-ಅವರ್ ಕಡಿಮೆ ಇದೆ ಅಂತ ಬರೆದರೆ ಕೇಳಲು ಅವರಿಗೆ ಏನೂ ಉಳಿಯುವುದಿಲ್ಲ.